ಹುಳದಣ್ಣ
ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮೂವತ್ತು ವರ್ಷಗಳಿಂದ ಮಲಪರೀಕ್ಷೆ ಮಾಡುತ್ತಿರುವ ಲ್ಯಾಬಿನವರನ್ನು ಎಲ್ಲರೂ ಹುಳದಣ್ಣ ಎಂದೇ ಕರೆಯುತ್ತಾರೆ. ಜನ ಮುಖ ತಿರುಗಿಸಿಕೊಂಡು ಕೊಡುವ ಡಬ್ಬಿಯನ್ನು ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, "ನಾಚ್ಕೋಬೇಡಿ ತಾಯಿ, ರಾಜನಿಗೂ ಇದೇ, ರಾಣಿಗೂ ಇದೇ" ಎನ್ನುತ್ತಾರೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆಂದರೆ ಪಕ್ಕದ ಗೋಡೆ ಬಿದ್ದರೂ ಅವರಿಗೆ ಕೇಳಿಸದು. ಹುಳದ ಮೊಟ್ಟೆ ಕಂಡರೆ ಮಾತ್ರ, ಕಳೆದ ಬೀಗದ ಕೈ ಸಿಕ್ಕವರಂತೆ ಮುಖ ಅರಳುತ್ತದೆ. ಕಿಟಕಿಯಿಂದ ತಲೆ ಹೊರಹಾಕಿ, "ಸಿಕ್ಕಿದಾನೆ ಕಳ್ಳ, ಮಾತ್ರೆ ನುಂಗಿ ಮನೆಗೆ ನಡೀರಿ" ಎಂದು ಸಾರುತ್ತಾರೆ. ಈ ಸಡಗರ ಕಂಡು ನಕ್ಕ ಹೊಸ ಡಾಕ್ಟರಮ್ಮನಿಗೆ ಒಮ್ಮೆ ಹೇಳಿದ್ದರು: "ಹುಳ ಇದ್ರೂ, ಕ್ಯಾನ್ಸರ್ ಇದ್ರೂ, ಕಬ್ಬಿಣಕ್ಕೆ ಹಿಡಿದ ಹಾಗೆ ಕರುಳಿಗೂ ಆಮ್ಲಜನಕದಿಂದ ತುಕ್ಕು ಹಿಡಿದು ಒಳಗೊಳಗೇ ಸವೆಯುತ್ತೆ. ಎರಡ್ರಲ್ಲೂ ರಕ್ತ ಹೋಗ್ಬಹುದು. ಹುಳಕ್ಕಾದ್ರೆ ಮಾತ್ರೆ ಸಾಕು. ಅದಕ್ಕೇ ಹುಳವೇ ಸಿಗಲಿ ಅಂತ ಬೇಡ್ಕೋತೀನಮ್ಮ." ಕಳೆದ ವಾರ, ಹೊಟ್ಟೆನೋವಿನಿಂದ ಸೊರಗಿ ಕಡ್ಡಿಯಾಗಿದ್ದ ಅವರ ಸ್ವಂತ ಅಕ್ಕ ಡಬ್ಬಿ ತಂದುಕೊಟ್ಟು, "ಏನೋ, ನಿನ್ನ ನೆಂಟರು ನನ್ನ ಹೊಟ್ಟೇಲೂ ಇದಾರಾ ನೋಡು" ಎಂದು ನಗುತ್ತ ಬೆಂಚಿನ ಮೇಲೆ ಕುಳಿತಳು. ಸ್ಲೈಡಿನಲ್ಲಿ ರಕ್ತಕಣಗಳಿದ್ದವು, ಮೊಟ್ಟೆ ಇರಲಿಲ್ಲ. ಒಂದು ಡಬ್ಬಿಗೆ ಎರಡು ಸ್ಲೈಡ್ ನೋಡುವುದು ಆ ಕೋಣೆಯ ವಾಡಿಕೆ. ಹುಳದಣ್ಣ ಅಂದು ಹದಿನೇಳು ನೋಡಿದರು. ಕೂತು ಬೇಸತ್ತ ಅಕ್ಕ ಕಿಟಕಿಯ ಬಳಿ ಬಂದು, "ಸಿಕ್ಕಿದನೇನೋ ಕಳ್ಳ?" ಎಂದು ಕೇಳಿದಳು. "ಇರು ಅಕ್ಕ, ಇನ್ನೊಂದು ನೋಡ್ತೀನಿ" ಎಂದು, ತಲೆ ಎತ್ತದೆಯೇ, ಅವರು ಹದಿನೆಂಟನೆಯ ಸ್ಲೈಡನ್ನು ಒರೆಸತೊಡಗಿದರು.