ರೊಟ್ಟಿಯಂಥ ಐದು

ಕೈರೋದ ಉತ್ತರಕ್ಕಿರುವ ಮಹಲ್ಲಾ ಎಂಬ ಊರಿನ ಶೆಹಾತಾ ಮಾಸ್ತರರ ಮಗಳು ಇಬ್ತಿಹಾಲ್‌ಗೆ ಲೆಕ್ಕ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಅವರ ಬಾಯಿಗೆ ಹುಳ ಬೀಳಲಿ. ಮಾತು ತೊದಲುವ ವಯಸ್ಸಿಗೇ ಅಂಕಿ ತಿದ್ದಿದವಳು ಅವಳು. ತಿದ್ದಿಸಿದವರು ಅಪ್ಪನೇ. ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಹೇಳುತ್ತಲೇ ತಲೆ ಬೋಳಾದ ಮನುಷ್ಯ. ಆ ಗಿರಣಿ ಊರಿನ ಅರ್ಧ ಜನ ಅಂಕಿ ಕಲಿತದ್ದು ಅವರ ಬಾಯಿಂದ.

"ಐದು ಅಂದ್ರೆ ರೊಟ್ಟಿ ಕಣ್ರೋ, ದುಂಡಗೆ ಬರೀರಿ. ಸೊನ್ನೆ ಅಂದ್ರೆ ರೊಟ್ಟಿ ತಿಂದಾದ್ಮೇಲೆ ಉಳಿಯೋ ಚೂರು. ಒಂದು ಚುಕ್ಕಿ ಇಟ್ರೆ ಸಾಕು."

ಅರಬ್ಬಿ ಅಂಕಿಗಳು ಇರುವುದೇ ಹಾಗೆ. ದುಂಡಗಿದ್ದರೆ ಐದು, ಚುಕ್ಕಿಯಾದರೆ ಸೊನ್ನೆ, ಇಂಗ್ಲಿಷಿನ ಏಳಿನಂತೆ ಕಂಡರೆ ಆರು. ಮಾಸ್ತರರ ಕೈಯಲ್ಲಿ ಕಲಿತ ಮಗು ಸಾಯುವವರೆಗೆ ಅದನ್ನು ಮರೆಯುವುದಿಲ್ಲ ಎಂದು ಬೀದಿಯವರು ಹೇಳುತ್ತಿದ್ದರು, ಮಾಸ್ತರರೂ ಅದನ್ನು ಕೇಳಿಸಿಕೊಂಡು ಸುಮ್ಮನೆ ಮೀಸೆಯಲ್ಲಿ ನಗುತ್ತಿದ್ದರು.

ಇಬ್ತಿಹಾಲ್ ವಾಣಿಜ್ಯ ಪದವಿ ಪಡೆದಳು, ಆದರೆ ಅರಬ್ಬಿ ವಿಭಾಗದಲ್ಲಿ. ಅದೇ ಕಾಲೇಜಿನಲ್ಲಿ ಇಂಗ್ಲಿಷ್ ವಿಭಾಗವೂ ಇತ್ತು. ಹೆಚ್ಚಿನ ಶುಲ್ಕ ಕಟ್ಟಬಲ್ಲವರ ಮಕ್ಕಳು ಅಲ್ಲಿ ಕೂರುತ್ತಿದ್ದರು. ಕಲಿಸುವ ಲೆಕ್ಕ ಒಂದೇ, ಬರೆಯುವ ಅಂಕಿ ಬೇರೆ, ಮುಂದಿನ ಬದುಕು ಅದಕ್ಕಿಂತಲೂ ಬೇರೆ. ಅವಳ ಗೆಳತಿ ದಾಲ್ಯಾ ಇಂಗ್ಲಿಷ್ ವಿಭಾಗದಿಂದ ಸೀದಾ ಕೈರೋದ ಬ್ಯಾಂಕಿಗೆ ಹೋದಳು. ಇಬ್ತಿಹಾಲ್ ಊರಿನ ಹಾಸಿಗೆ ಬಟ್ಟೆಯ ಅಂಗಡಿಗೆ ಹೋದಳು. ಮದುವೆ ನಿಶ್ಚಯವಾದ ಹುಡುಗಿಯರಿಗೆ ಹೊದಿಕೆ ಮಡಚಿ ಕೊಡುವುದು, "ಮಬ್ರೂಕ್, ಮಬ್ರೂಕ್" ಎಂದು ಹರಸುವುದು, ಮತ್ತೆ ಮಡಚುವುದು. ಹೀಗೇ ಯೌವನ ಮಡಚಿಹೋಯಿತು.

ಅಷ್ಟರಲ್ಲಿ ಒಂದು ಬ್ಯಾಂಕು ಮಹಲ್ಲಾದ ಶಾಖೆಗೆ ಜನ ಬೇಕೆಂದು ಪ್ರಕಟಿಸಿತು. ವಯಸ್ಸಿನ ಮಿತಿಯೂ ಇತ್ತು. ಬೇಸಿಗೆ ಬಂದರೆ ಇಬ್ತಿಹಾಲ್ ಆ ಗೆರೆ ದಾಟುತ್ತಿದ್ದಳು. ಈ ಸಲ ಆಗದಿದ್ದರೆ ಮತ್ತೆಂದೂ ಇಲ್ಲ, ಮಡಚುವ ಕೆಲಸವೇ ಖಾಯಂ. ಅದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೊದಲ ಜರಡಿ ಸಂಖ್ಯೆಗಳ ಪರೀಕ್ಷೆ. ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ಬರೆಯಬೇಕು. ಒಂದು ಪಟ್ಟಿ ತೋರಿಸುತ್ತಾರೆ: ಎಲ್ಲೋ ಇಲ್ಲದ ದೇಶದ ಬಾಟಲಿ ಕಾರ್ಖಾನೆ, ಮೂರು ವರ್ಷದ ಮಾರಾಟ. ಎರಡನೆಯ ವರ್ಷ ಶೇಕಡಾ ಎಷ್ಟು ಕುಸಿಯಿತು, ಬೇಗ ಹೇಳು, ಗಡಿಯಾರ ಓಡುತ್ತಿದೆ. ಕಿಟಕಿಯ ಹಿಂದೆ ಕೂತು ಮುದುಕರ ಪಿಂಚಣಿ ಚೀಟಿಗೆ ಠಸ್ಸೆ ಒತ್ತುವ ಕೆಲಸಕ್ಕೆ ಬಾಟಲಿ ಕಾರ್ಖಾನೆಯ ಸಂಕಟವೇಕೆ ಎಂದು ಕೇಳುವವರಿಲ್ಲ. ಕೇಳುವವರು ಜರಡಿಯ ಕೆಳಗೆ ಬೀಳುತ್ತಾರೆ.

ಮೇಲಿನ ಮಹಡಿಯ ಉಮ್ ಮೆದ್‌ಹತ್ ಮೆಟ್ಟಿಲ ಮೇಲೆ ಕೂತು, ಅನ್ನ ತುಂಬಲು ಕೋಸಾ ಕಾಯಿಯ ತಿರುಳು ಕೊರೆಯುತ್ತಿದ್ದಳು. ನಮ್ಮ ಎಳೆಯ ಸೋರೆಯಂಥ ತರಕಾರಿ ಅದು. ಆ ಸೀಮೆಯಲ್ಲಿ ಶಿಫಾರಸಿಗೂ ಅದೇ ಹೆಸರು.

"ಓದಮ್ಮಾ ಓದು," ಅಂದಳು. "ನಿಮ್ಮಪ್ಪಂಗೆ ಯಾರಾದ್ರೂ ದೊಡ್ಡೋರು ಗೊತ್ತಾ? ಇಲ್ವಲ್ಲ? ಬ್ಯಾಂಕಿನ ಬಾಗ್ಲು ಲೆಕ್ಕಕ್ಕೆ ತೆಗ್ಯಲ್ಲ, ಕೋಸಾಕ್ಕೆ ತೆಗ್ಯುತ್ತೆ. ತಗೋ, ಎರಡು ಎತ್ಕೊಂಡ್ಹೋಗಿ ಮ್ಯಾನೇಜರ್ ಮೇಜಿನ ಮೇಲಿಡು."

"ಇದು ಯಂತ್ರ ತಿದ್ದೋ ಪರೀಕ್ಷೆ ಆಂಟಿ. ಯಂತ್ರ ಕೋಸಾ ತಿನ್ನಲ್ಲ."

"ಯಂತ್ರದ ಹಿಂದೆ ಒಬ್ಬ ಕೂತಿರ್ತಾನಲ್ಲ, ಅವನು ತಿಂತಾನೆ."

ಆದರೆ ಇಬ್ತಿಹಾಲ್‌ಗೆ ಯಂತ್ರದ ಮೇಲೆ ನಂಬಿಕೆಯಿತ್ತು. ಯಂತ್ರಕ್ಕೆ ಅಪ್ಪ ಯಾರು, ಬೀದಿ ಯಾವುದು ಎಂದು ತಿಳಿಯದು. ಪಾಪ, ಅವಳಿಗೆ ನಂಬಲು ಬೇರೇನೂ ಉಳಿದಿರಲಿಲ್ಲ.

ಫೋನಿನಲ್ಲಿ ಮಾದರಿ ಪರೀಕ್ಷೆಗಳನ್ನು ಹಾಕಿಕೊಂಡು ಮಾಡತೊಡಗಿದಳು. ಎಲ್ಲವೂ ಇಂಗ್ಲಿಷ್ ಅಂಕಿಗಳಲ್ಲಿ. ನಿಧಾನವಾಗಿ ಮಾಡಿದರೆ ಒಂದೂ ತಪ್ಪುತ್ತಿರಲಿಲ್ಲ. ಗಡಿಯಾರ ಓಡಿಸಿದರೆ ಕೈ ಜಾರುತ್ತಿತ್ತು. ದಾಲ್ಯಾ ಕೈರೋದಿಂದ ಫೋನಿನಲ್ಲೇ ಅವಳ ಉತ್ತರಗಳನ್ನು ಕೇಳಿ ನಕ್ಕಳು.

"ಲೆಕ್ಕದಲ್ಲಿ ಅಲ್ಲ ಕಣೇ ನೀನು ಸೋಲ್ತಿರೋದು, ಓದೋದ್ರಲ್ಲಿ. ಅವಸರದಲ್ಲಿ ಸೊನ್ನೆ ಕಂಡ್ರೆ ಐದು ಅಂತೀಯ, ಏಳು ಕಂಡ್ರೆ ಆರು ಅಂತೀಯ. ನಿನ್ನ ಕಣ್ಣು ಇನ್ನೂ ನಿಮ್ಮಪ್ಪನ ಕ್ಲಾಸಲ್ಲೇ ಕೂತಿದೆ."

"ಏನ್ ಮಾಡ್ಲಿ ಹೇಳು."

"ಅರಬ್ಬಿ ಅಂಕಿ ನೋಡ್ಲೇಬೇಡ. ಪರೀಕ್ಷೆ ಮುಗಿಯೋವರ್ಗೂ ಮನೇಲಿ ಒಂದೂ ಇರಬಾರ್ದು. ದುಂಡಗಿದ್ರೆ ಸೊನ್ನೆ. ನಿದ್ದೆಲಿ ಕೇಳಿದ್ರೂ ಸೊನ್ನೆ ಅನ್ಬೇಕು."

ಹಠಕ್ಕೆ ಬಿದ್ದರೆ ಇಬ್ತಿಹಾಲ್ ಅಪ್ಪನ ಮಗಳೇ. ಫೋನಿನ ಅಂಕಿ ಬದಲಾಯಿತು, ಗೋಡೆಯ ಕ್ಯಾಲೆಂಡರ್ ಹೋಯಿತು, ಮಸಾಲೆ ಡಬ್ಬಿಗಳ ಮೇಲಿನ ಚೀಟಿಗಳೂ ಹೋದವು. ಉಳಿದದ್ದು ಒಂದೇ, ಅಂಗಳದ ಕರಿಹಲಗೆ. ನಿವೃತ್ತರಾದ ಮೇಲೂ ಮಾಸ್ತರರು ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ ಬೀದಿಯ ಮಕ್ಕಳನ್ನು ಅದರ ಮುಂದೆ ಕೂರಿಸುತ್ತಿದ್ದರು. ಅವಳು ಊಟಕ್ಕೆ ಕೂರುತ್ತಿದ್ದದ್ದೂ ಅದರ ಎದುರಿಗೇ.

"ಬಾಬಾ, ಸ್ವಲ್ಪ ದಿನ ಹಲಗೆ ಮೇಲೆ ಇಂಗ್ಲಿಷ್ ಅಂಕಿ ಬರೀತೀರಾ?"

ಮಾಸ್ತರರು ತಾವೇ ಬರೆದಿದ್ದ ದುಂಡನೆಯ ಐದನ್ನು ನೋಡಿದರು.

"ಅವರ ಲೆಕ್ಕದಲ್ಲಿ ನಮ್ಮ ರೊಟ್ಟಿ ಸೊನ್ನೆನೇನಮ್ಮಾ?"

"ಹೂಂ ಬಾಬಾ."

"ಅದೂ ಸರಿನೇ ಬಿಡು. ಗಿರಣಿಲಿ ಕೆಲ್ಸ ಮಾಡಿದೋರ್ನ ಕೇಳು, ಹೇಳ್ತಾರೆ," ಎಂದು ಅಂಗೈಯಿಂದಲೇ ಒರೆಸಿದರು. ಮಕ್ಕಳನ್ನು ಮಸೀದಿಯ ಜಗಲಿಗೆ ಕರೆದೊಯ್ದರು. ಮಗಳು ಅಂಗಡಿಯಿಂದ ಬರುವ ಹೊತ್ತಿಗೆ ಹಲಗೆಯ ತುಂಬ ಪರಕೀಯ ಅಂಕಿಗಳು ಇರುತ್ತಿದ್ದವು, ಒಂದೊಂದು ತಲೆಕೆಳಗಾಗಿ. ಮುಪ್ಪಿನಲ್ಲಿ ಆ ಮನುಷ್ಯ ಮಗಳಿಗಾಗಿ ಮತ್ತೆ ಒಂದನೇ ತರಗತಿಗೆ ಸೇರಿದ್ದರು. ಇಬ್ತಿಹಾಲ್‌ಗೆ ಆಗ ಅದನ್ನು ನಿಂತು ನೋಡಲು ಪುರುಸೊತ್ತಿರಲಿಲ್ಲ.

ಒಂದು ದಿನ ಅಂಗಡಿಯಲ್ಲಿ ರಂಪವಾಯಿತು. ಒಬ್ಬ ಮದುಮಗಳಿಗೆ ಕಳಿಸಬೇಕಾದ ಕೆಂಪು ಸ್ಯಾಟಿನ್ ಹೊದಿಕೆಗಳು ಹದಿನೈದನೆಯ ಮನೆಗೆ ಹೋಗುವ ಬದಲು ಹತ್ತನೆಯ ಮನೆಗೆ ಹೋದವು. ಹತ್ತನೆಯ ಮನೆಯಲ್ಲಿದ್ದವನು ಹೆಂಡತಿ ತೀರಿಕೊಂಡ ನಲವತ್ತನೆಯ ದಿನದ ಕುರಾನ್ ಓದಿಸುತ್ತಿದ್ದ. ವಿಳಾಸ ಓದಿ ಹೇಳಿದವಳು ಇಬ್ತಿಹಾಲ್. ಚೀಟಿಯ ಮೇಲೆ ಅರಬ್ಬಿಯಲ್ಲಿ ದುಂಡನೆಯ ಐದಿತ್ತು, ಅವಳು ಸೊನ್ನೆ ಎಂದು ಓದಿದ್ದಳು.

"ಸತ್ತೋಳಿಗಾಗಿ ನಾಲ್ಕ್ ದಿನ ಅಳ್ಲಿಕ್ಕೂ ಬಿಡ್ಲಿಲ್ವಲ್ಲೇ," ಎಂದು ಉಮ್ ಮೆದ್‌ಹತ್ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದು ನಕ್ಕಳು. "ಆ ಗಂಡಸಿಗೆ ಹೊಸ ಹೆಂಡ್ತಿ ನೀನೇ ಆಗ್ತೀಯಾ ಹೇಗೆ? ಹೊದಿಕೆ ಅಂತೂ ಕಳಿಸಿಯಾಯ್ತು."

ಯಜಮಾನ ಬೈದ. ಇಬ್ತಿಹಾಲ್ ತಲೆ ತಗ್ಗಿಸಿ ಬೈಸಿಕೊಂಡಳು, ಆದರೆ ಒಳಗೊಳಗೇ ಹಿಗ್ಗಿದಳು. ಕಣ್ಣು ಹೊಸ ಅಂಕಿಗೆ ತಿರುಗಿತ್ತು. ದಾಲ್ಯಾ ಹೇಳಿದಂತೆಯೇ ಆಗಿತ್ತು. ಮಾದರಿ ಪರೀಕ್ಷೆಗಳಲ್ಲಿ ಈಗ ಗಡಿಯಾರ ಮುಗಿಯುವ ಮೊದಲೇ ಅವಳು ಮುಗಿಸುತ್ತಿದ್ದಳು.

ಪರೀಕ್ಷೆ ಶುಕ್ರವಾರ ಬೆಳಿಗ್ಗೆ. ದಾಲ್ಯಾ ತನ್ನ ಲ್ಯಾಪ್‌ಟಾಪ್ ಕಳಿಸಿಕೊಟ್ಟಿದ್ದಳು. ಇಬ್ತಿಹಾಲ್ ಕೋಣೆಯ ಬಾಗಿಲು ಹಾಕಿಕೊಂಡಳು, ಹೊರಗೆ ಮಾಸ್ತರರು ಕುರ್ಚಿ ಹಾಕಿಕೊಂಡು ಬೀದಿಯ ಮಕ್ಕಳ ಚೆಂಡಾಟ ನಿಲ್ಲಿಸಿ ಕೂತರು.

ಪರದೆಯ ಮೇಲೆ ಮೊದಲು ಬಂದದ್ದು ಒಂದು ಸಣ್ಣ ಪ್ರಶ್ನೆ. ಭಾಷೆ ಆರಿಸಿ: ಅರಬ್ಬಿ, ಇಂಗ್ಲಿಷ್.

ಇದನ್ನು ಯಾರೂ ಹೇಳಿರಲಿಲ್ಲ. ದಾಲ್ಯಾ ತಾನು ಬ್ಯಾಂಕು ಸೇರುವಾಗ ಇಂಥದೇ ಪರೀಕ್ಷೆಗೆ ಇಂಗ್ಲಿಷ್ ಒತ್ತಿ ಮುಂದೆ ಹೋಗಿದ್ದಳು, ಪಕ್ಕದಲ್ಲಿ ಇನ್ನೊಂದು ಇತ್ತೆಂಬುದೇ ಅವಳಿಗೆ ನೆನಪಿಲ್ಲ. ಇಬ್ತಿಹಾಲ್‌ಗೆ ದೊಡ್ಡ ಬ್ಯಾಂಕು ಅವಳ ಅಪ್ಪನ ಅಂಕಿಗಳನ್ನು ಗುರುತಿಸಿ ಕುರ್ಚಿ ಕೊಟ್ಟಂತಾಯಿತು. ಹಾಲಿನ ಜೊತೆ ಕುಡಿದ ಭಾಷೆ, ರೊಟ್ಟಿ ಬರೆದು ಕಲಿತ ಲೆಕ್ಕ. ಇದರಲ್ಲಿ ಸೋಲುವುದುಂಟೇ? ಅವಳು ಅರಬ್ಬಿ ಒತ್ತಿದಳು. ಗಡಿಯಾರ ಓಡತೊಡಗಿತು.

ಮೊದಲ ಪ್ರಶ್ನೆಯ ಮಾತುಗಳು ನೀರಿನಂತೆ ಅರ್ಥವಾದವು. ಪಟ್ಟಿಯನ್ನು ನೋಡಿ ಭಾಗಿಸಿದಳು. ಬಂದ ಉತ್ತರ ಕೆಳಗಿನ ಆಯ್ಕೆಗಳಲ್ಲಿ ಇರಲಿಲ್ಲ. ಮತ್ತೆ ಮಾಡಿದಳು, ಮತ್ತೆ ಇರಲಿಲ್ಲ. ಹತ್ತಿರದ್ದೊಂದನ್ನು ಒತ್ತಿ ಮುಂದೆ ಹೋದಳು. ಎರಡನೆಯದೂ ಹಾಗೆ. ಆರು ಏಳಾಗಿ ಕಾಣುತ್ತಿತ್ತು, ಸೊನ್ನೆಯ ಚುಕ್ಕಿ ಎಲ್ಲಿಯೂ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ನೂರೈವತ್ತು ಎಂದಿದ್ದರೆ ಅವಳ ಕಣ್ಣು ಹತ್ತು ಎಂದು ಓದಿ, ಕೊನೆಯ ಚುಕ್ಕಿಯನ್ನು ವಾಕ್ಯದ ಕೊನೆ ಎಂದುಕೊಂಡು ಮುಂದೆ ಓಡುತ್ತಿತ್ತು. ತಾನು ಅಪ್ಪನ ರೊಟ್ಟಿಯನ್ನು ಸೊನ್ನೆ ಎಂದು ಓದುತ್ತಿದ್ದೇನೆ ಎಂದು ಹೊಳೆಯುವ ಹೊತ್ತಿಗೆ ಗಡಿಯಾರ ಅರ್ಧ ಸಮಯ ತಿಂದಾಗಿತ್ತು. ಭಾಷೆ ಬದಲಿಸಲು ದಾರಿಯಿರಲಿಲ್ಲ. ಒಂದೊಂದು ಅಂಕಿಗೂ ಬೆರಳಿಟ್ಟು, ಒಂದನೇ ತರಗತಿಯ ಮಗುವಿನಂತೆ ತುಟಿಯಾಡಿಸುತ್ತಾ ಓದಿದಳು. ಹಾಗೆ ಓದಿದವೆಲ್ಲ ಸರಿಯಾದವು, ಆದರೆ ಓದಲು ಸಿಕ್ಕಿದ್ದೇ ಕೆಲವು. ಉಳಿದವು ಹಾಗೇ ಇದ್ದಾಗ ಪರದೆ ಮುಚ್ಚಿಕೊಂಡಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇವಳಿಗೆ ಬಾಯಿಗೆ ಬಂದದ್ದನ್ನು ಅಗಿಯುವುದೇ ಮರೆತುಹೋಗಿತ್ತು.

ಬಾಗಿಲು ತೆರೆದಾಗ ಮಾಸ್ತರರು ಎದ್ದು ನಿಂತಿದ್ದರು.

"ಹೇಗಾಯ್ತಮ್ಮಾ?"

ಅವಳಿಗೆ ಬೇರೇನೂ ಹೇಳಲು ಬಾಯಿ ಬರಲಿಲ್ಲ. "ಅರಬ್ಬಿಲೂ ಇತ್ತು ಬಾಬಾ. ನಮ್ಮ ಅಂಕಿಲೇ ಮಾಡ್ದೆ."

ಮಾಸ್ತರರ ಮುಖ ಅರಳಿದ್ದನ್ನು ಏನು ಹೇಳುವುದು. ಶುಕ್ರವಾರದ ಪ್ರಾರ್ಥನೆ ಮುಗಿಸಿ ಬಂದವರು ಇಡೀ ಬೀದಿಗೆ ಹೇಳಿದರು. ಉಮ್ ಮೆದ್‌ಹತ್‌ಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, "ಕೋಸಾ ನೀನೇ ಬೇಯಿಸ್ಕೊಂಡು ತಿನ್ನು ತಾಯಿ, ನಮಗೆ ರೊಟ್ಟಿ ಸಾಕು," ಅಂದರು. ಮರುದಿನವೇ ಮಕ್ಕಳು ಅಂಗಳಕ್ಕೆ ಮರಳಿದರು. ಹಲಗೆಯ ಮೇಲೆ ದುಂಡನೆಯ ಐದು ಮತ್ತೆ ಕೂತಿತು. ಇಬ್ತಿಹಾಲ್ ತಲೆಯೆತ್ತದೆ ಊಟ ಮಾಡುತ್ತಿದ್ದಳು.

ಬ್ಯಾಂಕಿನ ಉತ್ತರ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಫೋನಿಗೆ ಬಂತು. ಮಾಸ್ತರರು ಓದು ಎಂದರು, ಅವಳು ಓದಿದಳು. ಆಸಕ್ತಿಗೆ ಧನ್ಯವಾದ, ನಿಮ್ಮ ಸಂಖ್ಯಾ ಸಾಮರ್ಥ್ಯ ನಮ್ಮ ಅಗತ್ಯಕ್ಕೆ ಸಾಲದು, ಮುಂದಿನ ಬದುಕಿಗೆ ಶುಭಾಶಯ.

ಮಾಸ್ತರರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು.

"ನಮ್ಮ ಅಂಕಿಲೇ ಮಾಡ್ದೆ ಅಂದ್ಯಲ್ಲಮ್ಮಾ."

"ಹೂಂ."

"ಹಾಗಾದ್ರೆ ನಾನು ಕಲಿಸಿದ್ರಲ್ಲೇ ಏನೋ ಕೊರತೆ ಇದೆ."

ಇಲ್ಲ ಬಾಬಾ, ನೀವು ಕಲಿಸಿದ್ದನ್ನು ನಾನೇ ಉಜ್ಜಿ ಉಜ್ಜಿ ಅಳಿಸಿದೆ, ನಿಮ್ಮ ಕೈಯಿಂದಲೂ ಅಳಿಸಿಸಿದೆ ಎನ್ನಬೇಕಿತ್ತು. ಹೇಳುವುದೋ ಹೇಳದಿರುವುದೋ, ಯಾವುದು ಅವರನ್ನು ಹೆಚ್ಚು ಸುಡುತ್ತದೆ ಎಂದು ತೂಗಿ ನೋಡಲೂ ಅವಳಿಗೆ ಶಕ್ತಿಯಿರಲಿಲ್ಲ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಅಂಗಳಕ್ಕೆ ಮಕ್ಕಳು ಬಂದರು. ಹೊಸದಾಗಿ ಸೇರಿದ ಒಂದು ಹೆಣ್ಣುಮಗು ಐದು ಹೇಗೆ ಬರೆಯುವುದು ಎಂದು ಕೇಳುವುದು ಒಳಗೆ ಪಾತ್ರೆ ತೊಳೆಯುತ್ತಿದ್ದ ಇಬ್ತಿಹಾಲ್‌ಗೆ ಕೇಳಿಸಿತು. ಅವಳು ನಲ್ಲಿ ನಿಲ್ಲಿಸಿ ಕಾದಳು.

"ನಿಮ್ಮ ಸ್ಕೂಲ್ ಟೀಚರ್ ಹೇಗೆ ಹೇಳ್ತಾರೋ ಹಾಗೇ ಬರಿಯಮ್ಮ," ಅಂದರು ಮಾಸ್ತರರು.