ಅರ್ಧ ಓದಿದ ಕೊಲೆ

ಕೊಳ್ಳೇಗಾಲದಿಂದ ಹನೂರಿಗೆ ದಿನಾ ಬಸ್ಸಿನಲ್ಲಿ ಓಡಾಡಲು ಶುರುಮಾಡಿ ಬಹಳ ವರ್ಷಗಳಾದವು. ಹನೂರಿನ ಹೈಸ್ಕೂಲಿನಲ್ಲಿ ನಾನು ಕನ್ನಡದ ಮೇಡಂ. ಹನೂರಿನ ಮೇಲೆ ಬೆಟ್ಟಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ನನ್ನ ಹಾಗೆ ಕೆಲಸಕ್ಕೆ ಹೋಗುವವರು ತುಂಬ ಜನ. ಅವರಲ್ಲಿ ಕಾದಂಬರಿ ಓದುವವರು, ನನ್ನನ್ನೂ ಸೇರಿಸಿ, ನಾಲ್ಕೇ ಜನ. ಯಾರ ಕೈಯಲ್ಲಿದ್ದ ಪುಸ್ತಕ ನೋಡಿ ಯಾರು ಮೊದಲು ಮಾತಾಡಿಸಿದರೋ ಈಗ ನೆನಪಿಲ್ಲ. ಮೈಸೂರಿಗೆ ಹೋದಾಗಲೆಲ್ಲ ಹೊಸ ಕಾದಂಬರಿ ಕೊಂಡು ತರುವ ಚಟ ನನಗಿದ್ದದ್ದರಿಂದ, ಯಾರಿಗೆ ಯಾವುದನ್ನು ಕೊಡಬೇಕು ಎನ್ನುವ ತೀರ್ಮಾನ ತಾನಾಗಿಯೇ ನನ್ನ ಪಾಲಿಗೆ ಬಂತು.

ಅದು ಸುಲಭದ ಕೆಲಸವಲ್ಲ. ಹನೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಗೆಳತಿಗೆ ಮೊದಲು ಕೊಟ್ಟದ್ದು ಯುದ್ಧದ ಕಾದಂಬರಿ. ಗಾಯಾಳುಗಳ ಡೇರೆಯಲ್ಲಿ ಕೆಲಸ ಮಾಡುವ ಹೆಣ್ಣೊಬ್ಬಳ ಕಥೆ, ಅವರಿಗೆ ಹಿಡಿಸುತ್ತದೆ ಅಂದುಕೊಂಡಿದ್ದೆ. ಹತ್ತು ಪುಟ ಓದಿ ವಾಪಸು ಕೊಟ್ಟರು. ಬದುವಿನ ಜಗಳದಲ್ಲಿ ಮಚ್ಚಿನೇಟು ತಿಂದವರು, ಕರಡಿಯಿಂದ ಮುಖ ಕಿತ್ತುಹೋದವರು, ಹೊಲಕ್ಕೆ ಹೊಡೆಯುವ ಔಷಧಿ ಕುಡಿದವರು ದಿನವೂ ಅವರ ಕೈಮೇಲೆ ಹಾದುಹೋಗುತ್ತಿದ್ದರು. ಅದನ್ನೇ ಬಸ್ಸಿನಲ್ಲೂ ಓದಬೇಕೆ ಎಂದು ಕೇಳಿದರು. ಆಮೇಲೆ ಎದುರುಬದುರು ಬೇಕರಿ ಇಟ್ಟುಕೊಂಡು ಹಲ್ಲು ಮಸೆಯುವ ಇಬ್ಬರು ಪ್ರೀತಿಗೆ ಬೀಳುವ ಒಂದು ಕಾದಂಬರಿ ಕೊಟ್ಟೆ. ಮಧುವನಹಳ್ಳಿ ದಾಟುವಷ್ಟರಲ್ಲಿ ಅವರು ಎಷ್ಟು ಜೋರಾಗಿ ನಕ್ಕರೆಂದರೆ ಡ್ರೈವರ್ ಕನ್ನಡಿಯಲ್ಲಿ ನೋಡಿದ.

ಇನ್ನೊಬ್ಬರು ದನದ ಆಸ್ಪತ್ರೆಯ ಇನ್ಸ್‌ಪೆಕ್ಟರು. ಯಳಂದೂರಿನಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಚಿರತೆ ಮೇಕೆಯ ಗಂಟಲು ಸೀಳಿದ್ದನ್ನು, ಸತ್ತ ಕರುವನ್ನು ಹಸುವಿನ ಹೊಟ್ಟೆಯಿಂದ ತುಂಡುತುಂಡಾಗಿ ಎಳೆದದ್ದನ್ನು ಇಡ್ಲಿ ತಿನ್ನುತ್ತಲೇ ಹೇಳಬಲ್ಲ ಮನುಷ್ಯ. ಅವರಿಗೆ ಹೆದರಿಕೆ ಬೇಕಿತ್ತು, ದೆವ್ವದ ಕಾದಂಬರಿ ಬೇಕಿತ್ತು. ಕಾಡಿನ ಚೆಕ್‌ಪೋಸ್ಟ್‌ನಲ್ಲಿ ಸತ್ತ ಲಾರಿ ಡ್ರೈವರ್ ಒಬ್ಬ ದಿನಾ ಸಂಜೆ ಬಂದು ಗೇಟು ಎತ್ತುವ ಕಥೆ ಕೊಟ್ಟೆ. ಅದನ್ನು ಓದಿದ ಮೇಲೆ ಕಾಡಿನ ನಡುವಿನ ಪಾಲಾರಿನ ಚೆಕ್‌ಪೋಸ್ಟ್ ಕಡೆ ಡ್ಯೂಟಿ ಬಿದ್ದರೆ ಬೇರೆಯವರನ್ನು ಕಳಿಸುತ್ತೇನೆಂದು ಹೇಳಿಕೊಂಡು ಖುಷಿಪಟ್ಟರು.

ನಾಲ್ಕನೆಯವಳ ವಿಷಯದಲ್ಲಿ ನನ್ನ ಅಂದಾಜು ಪೂರ್ತಿ ತಪ್ಪಿತು. ಅಗರದ ಒಕ್ಕಲುಮನೆಯ ಹುಡುಗಿ, ಕೊಳ್ಳೇಗಾಲಕ್ಕೆ ಮದುವೆಯಾಗಿ ಬಂದವಳು. ಹನೂರಿನ ಸರ್ಕಾರಿ ಆಫೀಸೊಂದರಲ್ಲಿ ಕಂಪ್ಯೂಟರ್ ಕೆಲಸ. ಗಂಡ ಜೆಸಿಬಿ ಓಡಿಸುತ್ತಿದ್ದ. ಅವಳದು ಮೆಲುದನಿ, ಕಂಡಕ್ಟರ್ ಕೂಡ ಎರಡೆರಡು ಸಲ ಕೇಳಬೇಕಾಗುತ್ತಿತ್ತು. ಮುಖ ನೋಡಿ, ಕೊನೆಗೆ ಎಲ್ಲರೂ ಒಂದಾಗುವ ಒಂದು ಸಂಸಾರದ ಕಾದಂಬರಿ ಕೊಟ್ಟೆ. ಏನೂ ಹೇಳದೆ ಹಿಂದಿರುಗಿಸಿದಳು. ನೀರೇ ಇಲ್ಲದ ಮುಂದಿನ ಕಾಲದ ಊರೊಂದರ ಕಥೆ ಕೊಟ್ಟೆ, ಅದನ್ನು ಇಷ್ಟಪಟ್ಟಳು. ಆಮೇಲೆ ಒಂದು ದಿನ ಅವಳೇ ಕೊಲೆ ಇರುವ ಪುಸ್ತಕ ಇದೆಯಾ ಎಂದು ಕೇಳಿದಳು.

ನನ್ನ ಹತ್ತಿರ ಬೇಕಾದಷ್ಟಿದ್ದವು. ಒಂದಾದ ಮೇಲೊಂದು ಓದಿದಳು. ಹೆಣ ಎಲ್ಲಿ ಸಿಕ್ಕಿತು, ಪೊಲೀಸರಿಗೆ ಯಾವುದರಿಂದ ಗೊತ್ತಾಯಿತು, ಅದನ್ನೆಲ್ಲ ಕಾಮಗೆರೆ ಬರುವವರೆಗೂ ಹೇಳುತ್ತಿದ್ದಳು. ಸುಡುಬೇಸಿಗೆಯಲ್ಲೂ ಮಣಿಕಟ್ಟಿನವರೆಗೆ ತೋಳಿರುವ ರವಿಕೆ ತೊಡುತ್ತಿದ್ದಳು. ನಾನು ಗಮನಿಸಿರಲಿಲ್ಲ, ನರ್ಸ್ ಗಮನಿಸಿದ್ದರು. ಒಂದು ಬೆಳಿಗ್ಗೆ ಅವರು ಮಾತಿನ ನಡುವೆಯೇ ಅವಳ ಕೈ ಹಿಡಿದು ರವಿಕೆಯ ತೋಳನ್ನು ಮೇಲಕ್ಕೆ ಸರಿಸಿದರು. ಬೆಲ್ಟಿನ ಬಾಸುಂಡೆಗಳು. ಕೆಲವು ಹಳದಿಗಟ್ಟಿದ್ದವು, ಕೆಲವು ಇನ್ನೂ ನೀಲಿ. ಬಕಲ್ ಬಿದ್ದ ಕಡೆ ಚರ್ಮ ಒಡೆದಿತ್ತು.

ಅವಳೇ ತೋಳನ್ನು ಕೆಳಗೆ ಎಳೆದುಕೊಂಡು ಹೇಳಿದಳು:

"ಅಕ್ಕ ಕೊಡೋ ಪುಸ್ತಕದಲ್ಲಿ ಒಡ್ದೋರು ಸಿಕ್ಕಾಕತಾರೆ. ಅದ್ಕೇ ಓದ್ತೀನಿ."

ನರ್ಸ್ ಅವಳಿಗೆ ಕಂಪ್ಲೇಂಟ್ ಕೊಡಲು ಹೇಳಿದರು, ಜೊತೆಗೆ ತಾವೂ ಬರುವುದಾಗಿ ಹೇಳಿದರು. ದನದ ಆಸ್ಪತ್ರೆಯ ಇನ್ಸ್‌ಪೆಕ್ಟರು ಯಳಂದೂರಿಗೆ ಹೋಗುವಾಗ ಅಗರದಲ್ಲಿ ಇಳಿದು ಅವಳ ಅಪ್ಪನ ಹತ್ತಿರ ಮಾತಾಡುತ್ತೇನೆ ಅಂದರು. ಎರಡಕ್ಕೂ ಅವಳು ಬೇಡವೆಂದಳು. ಅಪ್ಪನಿಗೆ ಗೊತ್ತಾದರೆ ಕುಡುಗೋಲು ಹಿಡಿದೇ ಬರುತ್ತಾನೆ, ಆಮೇಲೆ ಜೈಲಿಗೆ ಹೋಗುವವನು ಅವನೇ ಎನ್ನುವುದು ಅವಳ ಭಯ.

ಆ ವಾರ ನಾನು ಕೊಟ್ಟ ಕಾದಂಬರಿಯಲ್ಲಿ ಕರಾವಳಿಯ ಒಂದು ಊರಿನ ಗಂಡಸು ಊಟ ಮಾಡುತ್ತಲೇ ಸಾಯುತ್ತಾನೆ. ಶುರುವಿನಲ್ಲೇ ಹೆಂಡತಿ ಸಾರಿಗೆ ಏನೋ ಬೆರೆಸುವ ದೃಶ್ಯವಿದೆ. ತುಂಬು ಬಸುರಿಯಾದ ಸಬ್‌ಇನ್ಸ್‌ಪೆಕ್ಟರ್ ಒಬ್ಬಳು ತನಿಖೆ ಮಾಡುತ್ತಾಳೆ. ಈಚೆಗೆ ನಾನು ಓದಿದ ಪತ್ತೇದಾರಿಗಳಲ್ಲಿ ಅಷ್ಟು ಬಿಗಿಯಾದದ್ದು ಇನ್ನೊಂದಿರಲಿಲ್ಲ. ಯಾರಿಗೂ ಕೊನೆ ಹೇಳಬಾರದು ಎನ್ನುವುದು ನಮ್ಮ ಬಸ್ಸಿನ ಕಟ್ಟಳೆ, ಆದ್ದರಿಂದ ಅಷ್ಟೇ ಹೇಳಿ ಕೊಟ್ಟೆ.

ಅವಳು ಅರ್ಧ ಓದಿದ್ದಾಗ ಪುಸ್ತಕ ಗಂಡನ ಕೈಗೆ ಸಿಕ್ಕಿತು.

ಮರುದಿನ ಬೆಳಿಗ್ಗೆ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹೊರಡಲು ನಿಂತಿತ್ತು. ಅವಳ ಜಾಗ ಖಾಲಿ. ಆಗ ಅವನು ಹತ್ತಿದ. ನಾನು ಅವನನ್ನು ಅದುವರೆಗೆ ನೋಡಿರಲಿಲ್ಲ, ಕೈಯಲ್ಲಿದ್ದ ಪುಸ್ತಕದಿಂದ ಗುರುತು ಸಿಕ್ಕಿತು. ಅದರ ಬೆನ್ನು ಮುರಿದು ಹಿಂಭಾಗವೆಲ್ಲ ಹರಿದುಹೋಗಿತ್ತು. ಇದನ್ನು ಕೊಟ್ಟ ಮೇಡಂ ಯಾರು ಎಂದು ಕೇಳಿದ. ನಾನೇ ಎಂದೆ.

"ಗಂಡುಂಗೆ ಇಸ ಆಕದು ಕಲಿಸಕ್ಕೆ ನಿಮ್ಗೆ ಸಂಬ್ಳ ಕೊಡದಾ? ಅವ್ಳ ಕೈ ಮುರ್ದಾಕಿವ್ನಿ. ಇನ್ನು ನಿಮ್ದು."

ಪುಸ್ತಕ ನನ್ನ ಮುಖಕ್ಕೆ ಬಡಿಯಿತು. ಮರುಕ್ಷಣ ನನ್ನ ಜಡೆ ಅವನ ಕೈಯಲ್ಲಿತ್ತು. ಮುಂದಿನ ಸೀಟಿನ ಕಂಬಿಗೆ ನನ್ನ ಹಣೆಯನ್ನು ಅಪ್ಪಳಿಸಿದ. ನೋವಿಗಿಂತ ಮೊದಲು ಸದ್ದು ಕೇಳಿಸಿದ್ದು ನೆನಪಿದೆ, ತೆಂಗಿನಕಾಯಿ ಒಡೆದಂಥ ಸದ್ದು. ಇನ್ನೊಮ್ಮೆ ಅಪ್ಪಳಿಸುವ ಮುಂಚೆ ಇನ್ಸ್‌ಪೆಕ್ಟರು ಎದ್ದು ಅವನ ರಟ್ಟೆ ಹಿಡಿದರು. ಅವನು ನನ್ನ ಜಡೆ ಬಿಡದೆಯೇ ಇನ್ನೊಂದು ಕೈಯಿಂದ ಸೊಂಟದಲ್ಲಿದ್ದ ಸ್ಪ್ಯಾನರ್ ಸೆಳೆದು ಅವರ ಮುಖಕ್ಕೆ ಬೀಸಿದ. ಮೂಗಿನ ಮೂಳೆ ಮುರಿಯಿತು. ಅವರು ಎರಡು ಸೀಟಿನ ಮಧ್ಯೆ ಕುಸಿದರು, ಬಿಳಿ ಅಂಗಿಯ ಮುಂಭಾಗವೆಲ್ಲ ಕ್ಷಣದಲ್ಲಿ ಕೆಂಪಾಯಿತು. ಅವನು ಮತ್ತೆ ಸ್ಪ್ಯಾನರ್ ಎತ್ತಿದ.

ಹಿಂದಿನಿಂದ ನರ್ಸ್ ತಮ್ಮ ಸ್ಟೀಲಿನ ಟಿಫನ್ ಕ್ಯಾರಿಯರ್ ಎತ್ತಿ ಅವನ ನೆತ್ತಿಗೆ ಹೊಡೆದರು. ಮೊದಲ ಏಟಿಗೆ ಅವನು ತಿರುಗಿದ, ಎರಡನೆಯದಕ್ಕೆ ಮುಗ್ಗರಿಸಿದ. ಅನ್ನ, ಹುಳಿ ಎಲ್ಲ ಚೆಲ್ಲಿ ಅವನ ಕಣ್ಣಿಗೆ ಹೋಯಿತು. ಅಷ್ಟರಲ್ಲಿ ಕಂಡಕ್ಟರ್ ಮತ್ತು ಗಂಡಸರು ಅವನನ್ನು ಬಾಗಿಲಿನಿಂದ ಕೆಳಕ್ಕೆ ಎಳೆದರು.

ಆಮೇಲೆ ಕೆಳಗೆ ನಡೆದದ್ದನ್ನು ನಾನು ಕಿಟಕಿಯಿಂದ ನೋಡಿದೆ. ವಿಷಯ ಏನೆಂದು ಗೊತ್ತಿಲ್ಲದವರೂ ಬಂದು ಒದೆಯುತ್ತಿದ್ದರು. ಹೊಟ್ಟೆಗೆ, ಪಕ್ಕೆಗೆ, ತಲೆಗೆ. ಯಾರೋ ಚಪ್ಪಲಿ ಕಳಚಿಕೊಂಡರು, ಯಾರೋ ಹೂವಿನಂಗಡಿಯ ದೊಣ್ಣೆ ತಂದರು. ನನ್ನ ಹಣೆಯಿಂದ ಇಳಿದ ರಕ್ತ ಕಣ್ಣಿಗೆ ಬರುತ್ತಿತ್ತು, ಅದನ್ನು ಒರೆಸಿಕೊಂಡು ಒರೆಸಿಕೊಂಡು ನೋಡಿದೆ. ಇನ್ನೂ ಬೀಳಲಿ ಎಂದೇ ನನಗೆ ಅನ್ನಿಸುತ್ತಿತ್ತು. ಅವನು ಮಿಸುಕಾಡುವುದು ನಿಂತಾಗ ಕೂಡ ಆ ಆಸೆ ನಿಲ್ಲಲಿಲ್ಲ. ಅವನನ್ನು ಬಿಡಿಸಿದ್ದು ನರ್ಸ್. ಗುಂಪಿನೊಳಗೆ ನುಗ್ಗಿ ಅವನ ಮೈಮೇಲೆ ಅಡ್ಡ ಬಿದ್ದರು.

"ಸಾಕು ಬುಡ್ರಪ್ಪ, ಸಾಯ್ತಾನೆ."

ತಾವೇ ಒಡೆದ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಸೆರಗನ್ನು ಮುದ್ದೆಮಾಡಿ ಗಾಯಕ್ಕೆ ಒತ್ತಿ ಹಿಡಿದರು. ಪೊಲೀಸರು ಬರುವವರೆಗೂ ಆ ಕೈ ತೆಗೆಯಲಿಲ್ಲ.

ನನ್ನ ಹಣೆಗೆ ಹೊಲಿಗೆ ಹಾಕಿದ ಆಸ್ಪತ್ರೆಯಲ್ಲೇ ಅವಳೂ ಮಲಗಿದ್ದಳು. ಹಿಂದಿನ ದಿನ ಸಂಜೆ ಪಕ್ಕದ ಮನೆಯವರು ತಂದು ಸೇರಿಸಿದ್ದರಂತೆ. ಎಡಗೈ ಎರಡು ಕಡೆ ಮುರಿದಿತ್ತು, ಒಂದು ಕಣ್ಣು ಊದಿ ಮುಚ್ಚಿತ್ತು, ತುಟಿ ಸೀಳಿತ್ತು. ಬಾಗಿಲಿಗೆ ಹಾಕುವ ಮರದ ಅಗುಳಿಯಿಂದ ಹೊಡೆದಿದ್ದನಂತೆ. ಸಾರಿಗೆ ಏನು ಹಾಕಬೇಕೆಂದಿದ್ದೀಯ ಹೇಳು ಎಂದು ಪ್ರತಿ ಏಟಿಗೂ ಕೇಳುತ್ತಿದ್ದನಂತೆ. ನಾನು ಹೋಗಿ ಅವಳ ಮುಂದೆ ಕುಳಿತೆ. ಅವಳೇ ಕಥೆಯ ಕೊನೆ ಕೇಳಿದಳು. ಹಿಂದಿನ ಪುಟಗಳನ್ನೆಲ್ಲ ಅವನು ಹರಿದು ಒಲೆಗೆ ಹಾಕಿದ್ದ.

ಕಟ್ಟಳೆ ಮುರಿದು ಹೇಳಿದೆ. ಕಥೆಯ ಹೆಂಡತಿ ಸಾರಿಗೆ ಬೆರೆಸಿದ್ದು ಗಂಡನ ಕುಡಿತ ಬಿಡಿಸುವ ಔಷಧಿ, ಕೊಂದವನು ಜಮೀನಿನ ಆಸೆಗೆ ಬಿದ್ದ ಅವನ ಸ್ವಂತ ತಮ್ಮ.

ಅವಳು ಒಂದೇ ಕಣ್ಣಿನಿಂದ ಸೂರು ನೋಡಿದಳು. ಆಮೇಲೆ ಹೇಳಿದಳು:

"ಅವ್ಳೇ ಮಾಡಿದ್ರೆ ಚೆನ್ನಾಗಿರ್ತಿತ್ತು ಅಕ್ಕ."

ಆ ಮಧ್ಯಾಹ್ನವೇ ಮಂಚದ ಮೇಲೆ ಕುಳಿತು ಬಲಗೈಯಲ್ಲಿ ಕಂಪ್ಲೇಂಟಿಗೆ ಸಹಿ ಹಾಕಿದಳು. ಅವಳ ಅಪ್ಪ ಅಗರದಿಂದ ಬಂದ, ಕುಡುಗೋಲು ತರಲಿಲ್ಲ. ಮಗಳ ಮುಖ ನೋಡಿ ಹೊರಗೆ ಹೋಗಿ, ಕಾಂಪೌಂಡಿನ ಗೋಡೆಗೆ ಮುಷ್ಟಿಯಿಂದ ಗುದ್ದಿ ಗುದ್ದಿ ತನ್ನ ಬೆರಳನ್ನೇ ಮುರಿದುಕೊಂಡ.

ಕೊಳ್ಳೇಗಾಲದ ಕೋರ್ಟಿನಲ್ಲಿ ವಿಚಾರಣೆ ನಡೆದಾಗ ನಾವು ಮೂವರೂ ಸಾಕ್ಷಿ ಹೇಳಿದೆವು. ಗಂಡನ ವಕೀಲರು ಆ ಹರಿದ ಪುಸ್ತಕವನ್ನು ಎತ್ತಿ ತೋರಿಸಿ, ಗಂಡನನ್ನು ಕೊಲ್ಲುವ ಕಥೆಗಳನ್ನೇ ಹುಡುಕಿ ಓದುತ್ತಿದ್ದದ್ದು ನಿಜವೇ ಎಂದು ಅವಳನ್ನು ಕೇಳಿದರು. ಕಂಡಕ್ಟರ್‌ಗೂ ಕೇಳಿಸದ ಆ ದನಿ ಅವತ್ತು ಕೊನೆಯ ಬೆಂಚಿನಲ್ಲಿದ್ದ ನನಗೂ ಸ್ಪಷ್ಟವಾಗಿ ಕೇಳಿಸಿತು.

"ಓದ್ದೋಳು ನಾನು ಸಾ. ಒಡ್ದೋರು ಅವ್ರು."

ಅವನಿಗೆ ಶಿಕ್ಷೆಯಾಯಿತು. ಮೇಲಿನ ಕೋರ್ಟಿಗೆ ಹೋಗಿ ಜಾಮೀನಿನ ಮೇಲೆ ಹೊರಗೆ ಬಂದಿದ್ದಾನೆ ಎಂದು ಈಚೆಗೆ ಕೇಳಿದೆವು. ನಮ್ಮ ಬಸ್‌ಸ್ಟ್ಯಾಂಡಿನ ಕಡೆ ಇದುವರೆಗೆ ಕಾಣಿಸಿಲ್ಲ. ಕಾಣಿಸಿದರೆ ಏನು ಮಾಡಬೇಕೆಂದು ನಾವು ಬಾಯಿಬಿಟ್ಟು ಮಾತಾಡಿಕೊಂಡಿಲ್ಲ. ಆದರೆ ನರ್ಸ್ ಈಗ ಊಟದ ಡಬ್ಬಿಯನ್ನು ಬ್ಯಾಗಿನೊಳಗೆ ಇಡುವುದಿಲ್ಲ, ತೊಡೆಯ ಮೇಲೇ ಇಟ್ಟುಕೊಳ್ಳುತ್ತಾರೆ. ಇನ್ಸ್‌ಪೆಕ್ಟರ ಮೂಗು ಒಂದು ಕಡೆಗೆ ವಾಲಿಯೇ ಉಳಿಯಿತು. ದೆವ್ವದ ಕಾದಂಬರಿಗಳು ಅವರಿಗೆ ಈಗ ರುಚಿಸುವುದಿಲ್ಲ, ರಾಜರ ಕಾಲದ ಕಥೆ ಕೇಳುತ್ತಾರೆ.

ಅವಳು ಅಗರದ ತಾಯಿಮನೆಯಲ್ಲಿದ್ದುಕೊಂಡೇ ಕೆಲಸಕ್ಕೆ ಬರುತ್ತಾಳೆ. ಕೈಯೊಳಗೆ ಪ್ಲೇಟು ಹಾಕಿದ್ದಾರೆ, ಚಳಿಗೆ ಸೆಳೆಯುತ್ತದಂತೆ. ಸಂಬಳ ಬಂದಾಗಲೆಲ್ಲ ತಾನೇ ಕಾದಂಬರಿ ತರಿಸಿಕೊಳ್ಳಲು ಶುರುಮಾಡಿದಳು, ಈಗ ಕಾಮಗೆರೆಯಲ್ಲಿ ಹತ್ತುವ ಕಾಲೇಜು ಹುಡುಗಿಯರಿಗೆ ಯಾವುದನ್ನು ಓದಬೇಕು, ಯಾವುದನ್ನು ಮುಟ್ಟಬಾರದು ಎಂದು ಹೇಳುವವಳು ಅವಳೇ. ಹೋದ ವಾರ ನನಗೂ ಒಂದು ಕೊಟ್ಟಳು. ತಂಗಿಯನ್ನು ಕೊಂದವನನ್ನು ಅಕ್ಕ ಇಡೀ ಕಾದಂಬರಿಯುದ್ದಕ್ಕೂ ಬೇಟೆಯಾಡಿ, ಕೊನೆಯಲ್ಲಿ ಕೈಗೆ ಸಿಕ್ಕಾಗ ಬಿಟ್ಟುಬಿಡುತ್ತಾಳೆ. ನನಗೆ ಆ ಕೊನೆ ಬಹಳ ಹಿಡಿಸಿತ್ತು. ಅವಳಿಗೆ ಅದೇ ಸಿಟ್ಟು. ಬರೆದವರಿಗೆ ಒಂದು ದಿನವಾದರೂ ಏಟು ಬಿದ್ದಿದ್ದರೆ ಹಾಗೆ ಬರೆಯುತ್ತಿರಲಿಲ್ಲ ಎಂದಳು. ಬಿಡುವುದಕ್ಕೆ ಎಷ್ಟು ಬಲ ಬೇಕು ಎಂದು ನಾನು ವಾದಿಸಿದೆ. ಕಾಮಗೆರೆಯ ಹುಡುಗಿಯರು ಯಾರ ಪಕ್ಷ ಹಿಡಿಯಬೇಕೆಂದು ತಿಳಿಯದೆ ನಮ್ಮಿಬ್ಬರ ಮುಖ ನೋಡುತ್ತಿದ್ದರು. ಹನೂರು ಬಂತು, ಅರ್ಧ ಬಸ್ಸು ಖಾಲಿಯಾಯಿತು, ನಾವಿಬ್ಬರೂ ಇಳಿದು ರಸ್ತೆ ಪಕ್ಕದಲ್ಲಿ ನಿಂತು ಇನ್ನೂ ಜಗಳವಾಡುತ್ತಲೇ ಇದ್ದೆವು.