ಎರಡು ಕೋಲಿನ ಅರಮನೆ

ಮೆಲ್ಬರ್ನಿನಲ್ಲಿ ಬೆಳಗಿನ ನಾಲ್ಕೂಮುಕ್ಕಾಲು. ಡ್ಯಾಂಡಿನಾಂಗ್‌ನ ಕಾರ್ಖಾನೆಗಳ ಸಾಲಿನಲ್ಲಿ ಒಂದೇ ಒಂದು ಶಟರ್ ಅರ್ಧ ಎದ್ದಿದೆ. ಒಳಗೆ ಪ್ರೇಮನಾಥ ಆಚಾರ್ಯರು ಮಂಡಿಯೂರಿ, ಬೆಂಕಿಪೆಟ್ಟಿಗೆಗಿಂತ ಚಿಕ್ಕದೊಂದು ಕಿಟಕಿಯನ್ನು ಜರ್ಮನಿಯ ಅರಮನೆಗೆ ಕೂರಿಸುತ್ತಿದ್ದಾರೆ. ಆಸ್ಟ್ರೇಲಿಯಾದ ಜೂನ್ ತಿಂಗಳ ಚಳಿ. ಸಿಡ್ನಿಯಿಂದ ವರದಿಗೆಂದು ಬಂದ ನಾನು ಎರಡು ಸ್ವೆಟರ್ ಹಾಕಿಕೊಂಡೂ ನಡುಗುತ್ತಿದ್ದರೆ ಅವರು ಅಂಗಿಯ ತೋಳು ಮಡಚಿಕೊಂಡಿದ್ದಾರೆ. "ಕೈಗೆ ಕೆಲಸ ಉಂಟಲ್ಲ ಮಾರಾಯ್ರೆ, ಮತ್ತೆ ಚಳಿ ಎಂತದು?" ಎನ್ನುತ್ತಾರೆ.

ಇದು ಆಲ್ಟೆನ್‌ವೀಸ್ ಎಂಬ ಶ್ರೀಮಂತ ಮನೆತನದ ಅರಮನೆಯ ಮರದ ಮಾದರಿ, ಅಸಲಿನ ಐವತ್ತರಲ್ಲಿ ಒಂದು ಪಾಲು. ನಡುವೆ ದೊಡ್ಡ ಹಾಲ್, ಎಡಬಲಕ್ಕೆ ಒಂದೊಂದು ರೆಕ್ಕೆ, ಒಟ್ಟು ಎಂಬತ್ತನಾಲ್ಕು ಕಿಟಕಿ. ಎಂಟು ತಿಂಗಳಿಂದ ದಿನಕ್ಕೆರಡು ಗಂಟೆ ಇದರ ಕೆಲಸ. ಏಳಕ್ಕೆ ಶಿಫ್ಟ್ ಶುರುವಾದರೆ ಅಡುಗೆಮನೆ ಕಪಾಟಿನ ನಲವತ್ತು ಬಾಗಿಲು ಮುಗಿಸಬೇಕು. ಮರವೂ ಆ ಬಾಗಿಲುಗಳಲ್ಲಿ ಮಿಕ್ಕಿದ್ದೇ, ಮಾಲೀಕರ ಒಪ್ಪಿಗೆಯ ಮೇಲೆ.

ಪ್ರೇಮನಾಥರಿಗೆ ಐವತ್ತೇಳು. ಉಡುಪಿ ಬಳಿಯ ಹಿರಿಯಡ್ಕದವರು, ತಂದೆಯ ಜೊತೆ ಮನೆಗಳಿಗೆ ಬಾಗಿಲು ಕೆತ್ತಿ ಬೆಳೆದವರು. ಹದಿನೈದು ವರ್ಷದ ಹಿಂದೆ ಮೆಲ್ಬರ್ನಿಗೆ ಬಂದ ಮೇಲೆ ಉಳಿ ಪೆಟ್ಟಿಗೆ ಸೇರಿತು, ಯಂತ್ರ ಕೈಗೆ ಬಂತು. "ಇಲ್ಲೇ ನೆಲೆಸಲಿಕ್ಕೆ ಪಿಆರ್ ಸಿಕ್ಕಿತು, ಮನೆ ಆಯ್ತು. ಆದರೆ ಒಂದು ದಿನವೂ ಯಾರೂ ಬಾಗಿಲು ಮುಟ್ಟಿ ಇದು ಯಾರು ಮಾಡಿದ್ದು ಅಂತ ಕೇಳಲಿಲ್ಲ," ಎಂದು ನಗುತ್ತಾರೆ. ಆ ನಗು ನನಗೆ ಹಿಡಿಸಲಿಲ್ಲ. ನೋವು ಮರೆಮಾಚುವ ನಗು ಅದು.

ಅರಮನೆ ಅವರ ಕೈಗೆ ಬಂದದ್ದು ಹೆಂಡತಿ ಸುಗುಣಾ ಅವರಿಂದ. ಸುಗುಣಾ ವೃದ್ಧರ ಆರೈಕೆಯ ಕೆಲಸದವರು; ಅವರು ಮನೆಗೆ ಹೋಗಿ ನೋಡಿಕೊಳ್ಳುವ ಎಂಬತ್ತನಾಲ್ಕರ ಅಜ್ಜಿ ಮಾರ್ಲೀಸ್ ಆ ಮನೆತನದ ಕುಡಿ. ಇಲ್ಲಿಯ ಜರ್ಮನ್ ಸಂಘದ ಪ್ರದರ್ಶನಕ್ಕೆ ಅರಮನೆಯ ಮಾದರಿ ಬೇಕು ಎಂದಾಗ ಸುಗುಣಾ ಗಂಡನ ಹೆಸರು ಹೇಳಿಬಿಟ್ಟರು. ಪ್ರದರ್ಶನ ಬರುವ ಭಾನುವಾರ.

ಗಂಟು ಬಿದ್ದಿರುವುದು ಇಲ್ಲೇ. ಮನೆತನದ ಪುಸ್ತಕದ ಪ್ರಕಾರ ಒಬ್ಬನೇ ಮೇಸ್ತ್ರಿ, ಒಂದೇ ಕಾಲದಲ್ಲಿ, ಎರಡೂ ರೆಕ್ಕೆಗಳನ್ನು ಪಡಿಯಚ್ಚಾಗಿ ಕಟ್ಟಿದ. ಪ್ರೇಮನಾಥರ ಮಾದರಿಯಲ್ಲಿ ಪೂರ್ವದ ರೆಕ್ಕೆ ಪಶ್ಚಿಮದ್ದಕ್ಕಿಂತ ಮೂರು ಸೆಂಟಿಮೀಟರ್ ಹೆಚ್ಚು ಉದ್ದ. ಸಂಘದವರು ಟೇಪ್ ಹಿಡಿದು ನೋಡಿ, ಕೈ ತಪ್ಪಿದೆ, ಸರಿಮಾಡದಿದ್ದರೆ ಪ್ರದರ್ಶನಕ್ಕಿಡುವುದಿಲ್ಲ ಎಂದರು. ಆರ್ಕಿಟೆಕ್ಚರ್ ಓದುತ್ತಿರುವ ಮಗಳು ನಿರೀಕ್ಷಾ ಕೂಡ "ಪಪ್ಪಾ, ಜಸ್ಟ್ ಕಟ್ ಇಟ್," ಎಂದಳು. ಪ್ರೇಮನಾಥರು ಜಗ್ಗಲಿಲ್ಲ.

"ನಾನೂ ಮೊದಲು ಪುಸ್ತಕವನ್ನೇ ನಂಬಿದ್ದು. ಎರಡೂ ಒಂದೇ ಅಳತೆ ಮಾಡಿದೆ, ಮೆಟ್ಟಿಲು ಕೂರುದೇ ಇಲ್ಲ! ಮತ್ತೆ ಜರ್ಮನಿಯಲ್ಲಿ ಈಗ ಆ ಅರಮನೆ ರಿಪೇರಿ ಮಾಡುವವರು ಕೋಣೆ ಕೋಣೆ ಅಳೆದು ಕಳಿಸಿದ್ದು ಉಂಟಲ್ಲ, ಅದನ್ನು ಹಿಡಿದೆ. ಅರ್ಧ ಅರಮನೆ ಕಿತ್ತೆ."

ಅಳತೆಗಳ ಆ ರಾಶಿಯಲ್ಲಿ ಪ್ರೇಮನಾಥರು ಹುಡುಕಿದ್ದು ಮೇಸ್ತ್ರಿಯ ಅಳತೆಗೋಲನ್ನು. ಅವರ ತಂದೆ ಹೊಸ ಮನೆಯ ಕೆಲಸ ಹಿಡಿದರೆ ಮೊದಲು ಆ ಮನೆಗೆಂದೇ ಒಂದು ಮುಟ್ಟುಕೋಲು ಮಾಡುತ್ತಿದ್ದರು. ಬಾಗಿಲು, ಕಿಟಕಿ, ತೊಲೆ ಎಲ್ಲವೂ ಅದೇ ಕೋಲಿನ ಲೆಕ್ಕ. ಕೆಲಸ ಮುಗಿಯುವವರೆಗೆ ಇನ್ನೊಂದು ಕೋಲನ್ನು ಮುಟ್ಟುವ ಹಾಗಿಲ್ಲ. ಮೆಟ್ರಿಕ್ ಬರುವ ಮೊದಲು ಜರ್ಮನಿಯಲ್ಲೂ ಸೀಮೆಗೊಂದು ಉದ್ದದ ಅಡಿ ಇತ್ತು. ಪಶ್ಚಿಮದ ರೆಕ್ಕೆಯಲ್ಲಿ ಯಾವ ಅಳತೆ ಹಿಡಿದರೂ ಇಪ್ಪತ್ತೊಂಬತ್ತು ಸೆಂಟಿಮೀಟರ್ ಚಿಲ್ಲರೆಯ ಅಡಿಗೆ ಸರಿಹೋಗುತ್ತದೆ, ಪೂರ್ವದಲ್ಲಿ ಮೂವತ್ತೊಂದು ಚಿಲ್ಲರೆಯ ಅಡಿಗೆ. ಅಡಿಗಳ ಎಣಿಕೆ ಎರಡೂ ಕಡೆ ಒಂದೇ, ಅಡಿ ಉದ್ದವಾದ್ದರಿಂದ ಪೂರ್ವದ ರೆಕ್ಕೆಯೂ ಉದ್ದ. ಅವರು ಎರಡು ಪಟ್ಟಿ ಮರ ತೆಗೆದು ಎರಡು ಕೋಲು ಮಾಡಿ ನನ್ನ ಕೈಗೆ ಕೊಟ್ಟರು. ನಾನೇ ಕೂತು ಲೆಕ್ಕ ಹಾಕಿದೆ. ಗಣಿತದಲ್ಲಿ ನಾನು ಮೂವತ್ತೈದಕ್ಕೆ ಪಾಸಾದವನು. ಆದರೂ ಲೆಕ್ಕ ಕೂಡಿಬಂತು.

"ಒಬ್ಬ ಮೇಸ್ತ್ರಿ ಕೈಯಲ್ಲಿ ಎರಡು ಕೋಲು ಇರುದಿಲ್ಲ," ಎನ್ನುತ್ತಾರೆ ಪ್ರೇಮನಾಥ. "ಇದು ಇಬ್ಬರು ಕಟ್ಟಿದ ಮನೆ. ಹಾಲ್‌ನ ಮೂರನೇ ಕಿಟಕಿ ದಾಟಿದ ಮೇಲೆ ಕೋಲು ಬದಲಾಗ್ತದೆ. ಅಲ್ಲಿ ಗೋಡೆಯಲ್ಲಿ ಗಾರೆಯ ಒಳಗೆ ಸಂದಿ ಉಂಟು. ಇಲ್ಲದಿದ್ದರೆ ಈ ರೆಕ್ಕೆ ನಾನೇ ಕತ್ತರಿಸ್ತೇನೆ."

ಮಾರ್ಲೀಸ್ ಅಜ್ಜಿ ಅಲ್ಲಿ ರಿಪೇರಿ ಮಾಡುತ್ತಿರುವ ಮೇಸ್ತ್ರಿಗೆ ಪತ್ರ ಬರೆದು, ಬಣ್ಣ ಬಳಿಯುವ ಮುನ್ನ ಆ ಜಾಗದಲ್ಲಿ ಒಂದು ಗೇಣು ಗಾರೆ ಕೆರೆಯಲು ಒಪ್ಪಿಸಿದರು. ಇವತ್ತು ಶುಕ್ರವಾರ. ಐದೂಕಾಲಿಗೆ ವಿಡಿಯೊ ಕರೆ. ಅಲ್ಲಿ ಇನ್ನೂ ಗುರುವಾರ ಸಂಜೆ, ಬೇಸಿಗೆಯ ಬೆಳಕು ಆರಿಲ್ಲ.

ಸುಗುಣಾ ಅವರ ಕಾರಿನಿಂದ ಅಜ್ಜಿ ಇಳಿಯುತ್ತಾರೆ, ನೈಟಿಯ ಮೇಲೆ ಉಣ್ಣೆ ಕೋಟು. ಜೊತೆಗೆ ಕಣ್ಣುಜ್ಜುತ್ತಾ ನಿರೀಕ್ಷಾ. "ಇವರಿಗೆ ನಿದ್ದೆ ಇಲ್ಲ ಅಂತ ಮೂರು ದಿನದಿಂದ ನಮಗೂ ಇಲ್ಲ," ಎಂದು ಸುಗುಣಾ ಗಂಡನತ್ತ ಕಣ್ಣು ಬಿಡುತ್ತಾರೆ. ಪ್ರೇಮನಾಥರು ಕರೆಗೆ ಫೋನನ್ನು ಹೊಂದಿಸುತ್ತಾರೆ. ಗರಗಸವನ್ನು ಮಾದರಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ.

ಪರದೆಯ ಮೇಲೆ ಒಂದು ಗೋಡೆ, ಒಂದು ಉಳಿ. ಗಾರೆ ಉದುರುತ್ತದೆ. ಕಲ್ಲು, ಮತ್ತೆ ಕಲ್ಲು. ಏನೂ ಇಲ್ಲ. "ಇನ್ನೊಂದು ಗೇಣು ಎಡಕ್ಕೆ," ಎನ್ನುತ್ತಾರೆ ಪ್ರೇಮನಾಥ. ಅಜ್ಜಿ ಅದನ್ನು ಜರ್ಮನ್‌ನಲ್ಲಿ ಕೂಗುತ್ತಾರೆ. ಮತ್ತೆ ಉಳಿ. ಗಾರೆಯ ದೊಡ್ಡ ಹಕ್ಕಳೆಯೊಂದು ಕಳಚಿ ಬೀಳುತ್ತದೆ. ಮೇಲಿಂದ ಕೆಳಕ್ಕೆ ನೂಲು ಹಿಡಿದಂತೆ ನೇರ ಸಂದಿ! ಅದರೊಳಗೆ ಹಳೆಯ ಸುಣ್ಣ, ಮಳೆ ನೀರು ಇಳಿದ ಕಲೆ. ಪಶ್ಚಿಮದ ಕಟ್ಟಡ ಅಲ್ಲಿಗೇ ಮುಗಿದು ಬಹುಕಾಲ ಬಯಲಿಗೆ ಮುಖ ಮಾಡಿ ನಿಂತಿತ್ತು. ಇನ್ನೊಬ್ಬ ಯಾವಾಗಲೋ ಬಂದು ಪೂರ್ವದ ಪಾಲನ್ನು ಸೇರಿಸಿದ್ದಾನೆ.

ನಾನು ಕೂಗಿಬಿಟ್ಟೆ. ಪತ್ರಕರ್ತ ಕೂಗಬಾರದು, ಗೊತ್ತು. ನಿರೀಕ್ಷಾ "ಪಪ್ಪಾ, ಯು ವರ್ ರೈಟ್!" ಎಂದು ತಂದೆಯ ಕೊರಳಿಗೆ ಬೀಳುತ್ತಾಳೆ. ಅಜ್ಜಿ ಅಳುತ್ತಲೇ ನಗುತ್ತಾರೆ: "ನಮ್ಮ ಹಿರಿಯರು ಮುನ್ನೂರು ವರ್ಷ ಬಡಾಯಿ ಕೊಚ್ಚಿದ್ದನ್ನು ನಿನ್ನ ಗಂಡ ಎರಡು ಕೋಲಿನಲ್ಲಿ ಹಿಡಿದುಬಿಟ್ಟ, ಸುಗುಣಾ." ಪ್ರೇಮನಾಥರು ಗರಗಸ ತೆಗೆದು ಗೂಟಕ್ಕೆ ತೂಗುಹಾಕುತ್ತಾರೆ.

ಅಜ್ಜಿಯಿಂದ ಸುದ್ದಿ ತಿಳಿದು ಆರೂವರೆಗೆ ಸಂಘದ ಅಧ್ಯಕ್ಷರ ಫೋನು. ಕ್ಷಮೆ ಕೇಳಿ, ಮಾದರಿಯ ಮುಂದಿನ ಫಲಕಕ್ಕೆ ನಿಮ್ಮ ಹೆಸರಿನ ಸ್ಪೆಲ್ಲಿಂಗ್ ಹೇಳಿ ಎನ್ನುತ್ತಾರೆ. ಎಂದೂ ಯಾರೂ ಕೇಳದ ಪ್ರಶ್ನೆಗೆ ಪ್ರೇಮನಾಥರು ಅಕ್ಷರ ಅಕ್ಷರವಾಗಿ, ನಿಧಾನವಾಗಿ, ಎರಡು ಸಲ ಉತ್ತರ ಹೇಳುತ್ತಾರೆ.

ಫೋನಿಟ್ಟ ಮೇಲೆ ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅವರು ದೊಡ್ಡ ಕೋಲನ್ನು, ಪೂರ್ವದ ರೆಕ್ಕೆಯದನ್ನು, ಅಂಗೈ ಮೇಲೆ ಇಟ್ಟುಕೊಳ್ಳುತ್ತಾರೆ.

"ಈ ಕೋಲಿನ ಮೇಸ್ತ್ರಿ ಯಾರಂತ ಅಲ್ಲಿ ಹಳೇ ಕಾಗದದಲ್ಲಿ ಹುಡುಕಲಿಕ್ಕೆ ಹೇಳಿದ್ದೇನೆ. ಪಾಪ, ಇಷ್ಟು ವರ್ಷ ಇನ್ನೊಬ್ಬನ ಹೆಸರಿನ ಅಡಿಯಲ್ಲಿ ಇದ್ದ. ಸಿಗದಿದ್ದರೆ ಫಲಕದಲ್ಲಿ ಒಂದು ಸಾಲು ಖಾಲಿ ಬಿಡ್ಲಿ, ಅದು ಅವನ ಜಾಗ. ಅದರ ಕೆಳಗೆ ನನ್ನ ಹೆಸರು ಹಾಕ್ಲಿ."